ಊಟ ಎಲ್ಲಿ ಚಲೋ ಸಿಗತೈತ್ರಿ?

ನಮ್ಮ ಕಾಗವಾಡ ತಾಲೂಕಿನ ಜುಗೂಳದ ಹತ್ತಿರ ಕೃಷ್ಣೆ ದಾಟಿದರೆ ಮಹಾರಾಷ್ಟ್ರದ ಖಿದ್ರಾಪುರ. ಅಲ್ಲಿನ ಕೋಪೇಶ್ವರ ಗುಡಿಯನ್ನು, ಅದರ 48 ಕಂಬಗಳ ಸ್ವರ್ಗಮಂಟಪವನ್ನು, ಮಂಟಪದ ನಡುವೆ ಆಕಾಶಕ್ಕೆ ತೆರೆದ ಆ ಗುಂಡು ಬೆಳಕಿಂಡಿಯನ್ನು ನೋಡಲು ದೂರದಿಂದ ಜನ ಬರುತ್ತಾರೆ. ಶಿವನ ಗುಡಿಯಾದರೂ ಅಲ್ಲಿ ನಂದಿ ಇಲ್ಲ. ನಂದಿ ಚಿಕ್ಕೋಡಿ ತಾಲೂಕಿನ ಯಡೂರಲ್ಲಿ ಕೂತಿದ್ದಾನೆ ಎಂದು ಎರಡೂ ದಂಡೆಯವರು ಹೇಳುತ್ತಾರೆ. ಇದನ್ನೆಲ್ಲ ಬರುವವರು ಮೊದಲೇ ಓದಿಕೊಂಡಿರುತ್ತಾರೆ. ಊರವರನ್ನು ನಿಲ್ಲಿಸಿ ಅವರು ಕೇಳುವ ಮಾತು ಒಂದೇ: “ಇಲ್ಲಿ ಊಟ ಎಲ್ಲಿ ಚಲೋ ಸಿಗತೈತ್ರಿ?”

ಈ ಪ್ರಶ್ನೆಗೆ ನಮ್ಮ ಕಡೆಯವರ ಬಾಯಿಗೆ ತಟ್ಟನೆ ಬರುವ ಉತ್ತರ, “ಮಿರಜ ರೋಡಿಗೆ ಹೋಗ್ರಿ, ಅಲ್ಲಿ ದೊಡ್ಡ ಹೊಟೇಲ ಅದಾವ.” ಕೇಳಿದಾಗೆಲ್ಲ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಮನೆಗೆ ಬೀಗರು ಬಂದರೆ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಡಿಸಿ ಒತ್ತಾಯ ಮಾಡುವ ನಾವು, ದಾರಿಯಲ್ಲಿ ಕೇಳಿದವರನ್ನು ಪನೀರ್ ಮಸಾಲೆಯ ಕಡೆಗೆ ಕಳಿಸುತ್ತೇವೆ. ಊರಿನ ಖಾನಾವಳಿಯ ಹೆಸರು ಹೇಳಲು ಸಂಕೋಚ. “ನಮ್ಮಲ್ಲೇನೈತ್ರಿ, ಸಾದಾ ರೊಟ್ಟಿ ಪಲ್ಯ” ಎಂಬ ಮಾತು ವಿನಯದಿಂದ ಬಂದದ್ದೇ ಇರಬಹುದು. ಅದರಿಂದ ಖಾನಾವಳಿ ನಡೆಸುವವರಿಗೆ ಒಂದು ಹೊತ್ತಿನ ಗಿರಾಕಿ ತಪ್ಪುತ್ತದೆ.

ಸಾದಾ ಅನ್ನುವ ಆ ರೊಟ್ಟಿಯನ್ನು ಸ್ವಲ್ಪ ನೋಡೋಣ. ಜೋಳದಲ್ಲಿ ಗೋದಿಯ ಅಂಟಿಲ್ಲ. ಅದಕ್ಕೇ ಎಸರು ಕುದಿಸಿ ಹಿಟ್ಟಿಗೆ ಹಾಕಬೇಕು. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಬೆಂದು ಜಿಗುಟಾದರೆ ಮಾತ್ರ ಅದು ಕೈಗೆ ಒಗ್ಗುತ್ತದೆ. ಬೀಸಿ ಬಹಳ ದಿನ ಇಟ್ಟ ಹಿಟ್ಟಿಗೆ ಆ ಜಿಗುಟು ಇರುವುದಿಲ್ಲ, ಬಡಿಯುವಾಗಲೇ ಅಂಚು ಸೀಳುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೇಲ್ಮೈ ಸವರಬೇಕು, ಹೊತ್ತು ನೋಡಿ ತಿರುವಬೇಕು, ಕೆಂಡದ ಝಳಕ್ಕೆ ಉಬ್ಬಿಸಬೇಕು. ಇದಕ್ಕೆ ಯಂತ್ರ ಬಂದಿದೆ. ಆದರೆ ಒಲೆಯ ಮುಂದೆ ಕೂತು ಊಟದ ಹೊತ್ತು ಮುಗಿಯುವವರೆಗೂ ಒಂದೇ ದಪ್ಪಕ್ಕೆ, ಒಂದೇ ಅಳತೆಗೆ ಬಡಿಯುವ ಹೆಣ್ಣುಮಗಳ ಕೈಗೆ ಅದು ಸಮನಲ್ಲ. ಖಾನಾವಳಿಯ ಬೋರ್ಡಿನ ಮೇಲೆ ಬಸವೇಶ್ವರರ ಹೆಸರಿರುತ್ತದೆ, ಗಲ್ಲಾದ ಮೇಲೆ ಮಾಲಕರು ಕೂತಿರುತ್ತಾರೆ. ಊಟದ ರುಚಿ ಮಾತ್ರ ಒಳಗೆ ಹೊಗೆಯಲ್ಲಿ ಕೂತವಳ ಕೈಯಲ್ಲಿದೆ. ಅವಳು ಮಗಳ ಬಾಣಂತನಕ್ಕೆ ಹೋದ ತಿಂಗಳು ಗಿರಾಕಿ ಕಡಿಮೆಯಾಗುವುದು ಸುಮ್ಮನೆ ಅಲ್ಲ. ಹಾಗಾಗಿ ಖಾನಾವಳಿಯ ಬಗ್ಗೆ ಯಾರಿಗಾದರೂ ಹೇಳುವಾಗ ನಾನು ಒಂದು ಮಾತು ಸೇರಿಸುತ್ತೇನೆ: ಎದ್ದು ಬರುವ ಮುಂಚೆ ಒಳಗೆ ಹಣಕಿ ಹಾಕಿ, “ಅಕ್ಕಾರ, ರೊಟ್ಟಿ ಭಾಳ ಚಲೋ ಇದ್ದೂರಿ” ಅಂತ ಹೇಳಿ ಬನ್ನಿ.

ಇನ್ನೊಂದು ಸಂಗತಿಯೂ ಹೊರಗಿನವರಿಗೆ ಗೊತ್ತಿರುವುದಿಲ್ಲ. ಕೃಷ್ಣಾ ದಂಡೆಯ ಈ ನೆಲದಲ್ಲಿ ಈಗ ಕಣ್ಣು ಹಾಯಿಸಿದಷ್ಟೂ ಕಬ್ಬು. ಉಗಾರದ ಸಕ್ಕರೆ ಕಾರ್ಖಾನೆಯ ಕಂಪನಿ ಶುರುವಾದದ್ದು 1939ರಲ್ಲಿ. ಆಮೇಲೆ ಸುತ್ತಲೂ ಕಾರ್ಖಾನೆಗಳು ಎದ್ದವು. ನೀರು ಬಂದಲ್ಲಿ ಕಬ್ಬು ಬಂತು, ಜೋಳ ಸರಿಯಿತು. ತಾಟಿನ ರೊಟ್ಟಿಗೆ ಬೇಕಾದ ಹಿಂಗಾರಿ ಜೋಳ ಮೂಡಣದ ಎರೆ ನೆಲದಿಂದ, ವಿಜಯಪುರದ ಕಡೆಯಿಂದ, ಮಂಗಳವೇಢೆಯ ಕಡೆಯಿಂದ ಬರಬೇಕು. ಕಬ್ಬಿನ ಊರಲ್ಲಿ ಕೂತು ಒಳ್ಳೆಯ ಮಾಲದಂಡಿ ಜೋಳ ತರಿಸಿ, ಆಗಾಗ ಬೀಸಿಸಿ, ಬಿಸಿ ರೊಟ್ಟಿ ಕೊಡುವವರು ಅಗ್ಗದ ಕೆಲಸವನ್ನೇನೂ ಮಾಡುತ್ತಿಲ್ಲ. ಮೇಲೆ 19 ಕಿಲೋದ ವ್ಯಾಪಾರಿ ಸಿಲಿಂಡರಿನ ರೇಟು. ಊಟದ ಬೆಲೆ ಹತ್ತು ರೂಪಾಯಿ ಏರಿತೆಂದು ಗೊಣಗುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಊಟ ಎಲ್ಲಿ ಚಲೋ ಅನ್ನುವುದಕ್ಕಿಂತ ಮೊದಲು ಕೇಳಿದವರು ಯಾರು ಎಂದು ತಿಳಿಯಬೇಕು. ಕಾಗವಾಡ, ಶೇಡಬಾಳ, ಉಗಾರ, ಜುಗೂಳದ ಸುತ್ತ ಜೈನ ಮನೆತನಗಳು ಬಹಳ. ಆಚಾರ್ಯ ವಿದ್ಯಾನಂದರು ಹುಟ್ಟಿದ್ದು ಶೇಡಬಾಳದಲ್ಲಿ, ಆಚಾರ್ಯ ವಿದ್ಯಾಸಾಗರರು ಸದಲಗಾದಲ್ಲಿ. ಹೊತ್ತು ಮುಳುಗುವ ಮುಂಚೆ ಉಣ್ಣುವವರು, ಗಡ್ಡೆ ಮುಟ್ಟದವರು, ಚಾತುರ್ಮಾಸದಲ್ಲಿ ಇನ್ನಷ್ಟು ಬಿಡುವವರು ಇಲ್ಲಿದ್ದಾರೆ. ಅವರಿಗೆ ಉಳ್ಳಾಗಡ್ಡಿ ಇಲ್ಲದ ಪಲ್ಯ ಐದೂವರೆಯೊಳಗೆ ಸಿಗುವ ಜಾಗ ಹೇಳಬೇಕು. ರಾತ್ರಿ ಒಂಬತ್ತಕ್ಕೆ ಟ್ರಕ್ಕು ನಿಲ್ಲಿಸಿದ ಚಾಲಕನಿಗೆ ಕೆಂಪು ರಸ್ಸಾ ಸಿಗುವ ಜಾಗ ಬೇರೆ. ಆಸ್ಪತ್ರೆಗೆಂದು ಮಿರಜಕ್ಕೆ ಹೊರಟವರ ಜೊತೆ ಮುದುಕರಿದ್ದರೆ ಖಾರ ಕಡಿಮೆಯ ಆಮಟಿ, ಅನ್ನ, ಮಜ್ಜಿಗೆ. ನೆರೆಯವರ ಸಲಹೆಗೆ ಬೆಲೆ ಬರುವುದು ಇಲ್ಲಿಯೇ: ಅವರು ಉಣ್ಣುವವರ ಮುಖ ನೋಡಿ ಹೇಳುತ್ತಾರೆ.

ಫೋನಿನ ನಕ್ಷತ್ರಗಳಿಗೆ ಇದು ಆಗದ ಕೆಲಸ. ನಾಲ್ಕೂಕಾಲು ನಕ್ಷತ್ರ ಅಂದರೆ ಯಾರಿಗೆ, ಯಾವ ಹೊತ್ತಿಗೆ, ಯಾವ ಪದಾರ್ಥಕ್ಕೆ? ಮಧ್ಯಾಹ್ನ ಹನ್ನೆರಡೂವರೆಗೆ ಸ್ವರ್ಗದಂತಿರುವ ಖಾನಾವಳಿಯಲ್ಲಿ ಮೂರು ಗಂಟೆಗೆ ಹೋದರೆ ತಣ್ಣಗಾದ ರೊಟ್ಟಿ ಸಿಗುತ್ತದೆ. ಸಿಟ್ಟಾದವರು ಒಂದು ನಕ್ಷತ್ರ ಒತ್ತಿ ಹೋಗುತ್ತಾರೆ. ಅದನ್ನು ಓದಿ ಉತ್ತರ ಬರೆಯುವ ಪುರಸೊತ್ತು ಒಲೆಯ ಮುಂದಿನವಳಿಗೆ ಎಲ್ಲಿದೆ? ಉಪ್ಪು ಹೆಚ್ಚಾಗಿದ್ದರೆ ಎದುರಿಗೇ ಹೇಳಬೇಕು. ನಮ್ಮ ಕಡೆ ಹಾಗೆ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಇನ್ನೊಂದು ವಾಟಿ ಮೊಸರು ತಂದಿಡುತ್ತಾರೆ.

ನಕ್ಷತ್ರದ ಈ ಪದ್ಧತಿ ಹಳೆಯದು. ಫ್ರಾನ್ಸಿನ ಟೈರ್ ಕಂಪನಿ ಮಿಶೆಲಿನ್ 1900ರಲ್ಲಿ ಮೋಟಾರು ಓಡಿಸುವವರಿಗೆ ಪುಕ್ಕಟೆ ಕೈಪಿಡಿ ಹಂಚಿತು, 1926ರಿಂದ ಹೊಟೇಲುಗಳಿಗೆ ನಕ್ಷತ್ರ ಕೊಡತೊಡಗಿತು. ಎರಡು ನಕ್ಷತ್ರವಿದ್ದರೆ ದಾರಿ ಬಿಟ್ಟು ಹೋಗಿ ಉಣ್ಣಬಹುದು, ಮೂರಿದ್ದರೆ ಉಣ್ಣಲೆಂದೇ ಪ್ರಯಾಣ ಮಾಡಬಹುದು ಎಂದು ಅದರ ಅರ್ಥ. ಈ ಲೆಕ್ಕ ನನಗೆ ಹಿಡಿಸುತ್ತದೆ, ಯಾಕೆಂದರೆ ಅದು ಎಷ್ಟು ದೂರ ಹೋಗಬಹುದು ಎಂದು ಹೇಳುತ್ತದೆ. ನಮ್ಮಲ್ಲೂ ಹಾಗೆ ಹೇಳಬಹುದು. ಕೊಲ್ಹಾಪುರದ ಫಡತರೆ ಮಿಸಳಿಗೆ ದಾರಿ ಬಿಟ್ಟು ಹೋಗಬಹುದು. ಕೃಷ್ಣಾ-ಪಂಚಗಂಗೆ ಕೂಡುವ ನರಸೋಬಾವಾಡಿಗೆ ದತ್ತನ ದರ್ಶನಕ್ಕೆ ಹೋದವರು ಬಾಸುಂದಿ, ಪೇಢೆ ಬಿಟ್ಟು ಬರಬಾರದು. ಊರ ಖಾನಾವಳಿಗೆ ಮಾತ್ರ ಹಸಿವಾದ ಹೊತ್ತಿಗೆ ಹೋಗಬೇಕು, ಅದು ಹಸಿದವರಿಗಾಗಿಯೇ ಇರುವುದು.

ಹೊಗಳಿಕೆ ಹೆಚ್ಚಾದರೂ ತೊಂದರೆ ಇದೆ. ಬೆಂಗಳೂರಿನ ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಸುತ್ತಲಿನ ವಿದ್ಯಾರ್ಥಿಗಳಿಗಾಗಿ ಶುರುವಾದ ಪುಟ್ಟ ಹೊಟೇಲು. ಈಗ ರವಿವಾರ ಬೆಳಿಗ್ಗೆ ದೋಸೆಗೆ ಹೆಸರು ಬರೆಸಿ ಕಾಯಬೇಕು. ಅದು ಎಂಬತ್ತು ವರ್ಷ ದಾಟಿ ಬದುಕಿದೆ, ಸಂತೋಷ. ಆದರೆ ಎರಡು ಒಲೆಯ ಖಾನಾವಳಿಗೆ ಒಮ್ಮೆಲೆ ಐವತ್ತು ಕಾರು ಬಂದರೆ ರೊಟ್ಟಿ ಹಸಿಯಾಗುತ್ತದೆ, ದಿನಾ ಉಣ್ಣುವ ಮೇಷ್ಟ್ರು, ಬ್ಯಾಂಕಿನವರು, ಕಬ್ಬು ಕಡಿಯಲು ಬಂದವರು ಹೊರಗೆ ನಿಲ್ಲುತ್ತಾರೆ. ಅದಕ್ಕೆ ವಿಡಿಯೊ ಮಾಡಿ ಊರೆಲ್ಲ ಸಾರುವುದಕ್ಕಿಂತ ಕೇಳಿದವರಿಗೆ ಒಬ್ಬೊಬ್ಬರಾಗಿ ಹೇಳುವುದು ಮೇಲು ಎಂದು ನನ್ನ ಅಭಿಪ್ರಾಯ. ಹೊತ್ತು ಹೇಳಿ, ವಾರದ ಸುಟಿ ಹೇಳಿ, ಅಲ್ಲಿ ಯಾವುದು ಚಲೋ ಎಂದು ಒಂದೇ ಪದಾರ್ಥದ ಹೆಸರು ಹೇಳಿ. ಮಳೆಗಾಲದಲ್ಲಿ ನದಿಯ ಸುದ್ದಿಯನ್ನೂ ಹೇಳಿ. 2005, 2019, 2021ರ ಮಹಾಪೂರ ಕಂಡ ದಂಡೆ ಇದು, ನೀರು ಏರಿದರೆ ದಾರಿ, ಒಲೆ ಎರಡೂ ಬಂದ್.

ಹೇಳಿ ಕಳಿಸುವಂಥ ಜಾಗಗಳು ಇನ್ನೂ ಬೇಕು. 2024–25ರ ರಾಜ್ಯ ಬಜೆಟ್ಟಿನಲ್ಲಿ ಹಳ್ಳಿಗಳಲ್ಲಿ ಮಹಿಳೆಯರೇ ನಡೆಸುವ 50 ‘ಕೆಫೆ ಸಂಜೀವಿನಿ’ಗಳನ್ನು ಘೋಷಿಸಲಾಗಿತ್ತು, ಅಗ್ಗದ ದರದಲ್ಲಿ ಆಯಾ ಸೀಮೆಯ ಊಟ ಕೊಡಲೆಂದು. ಅಂಥದ್ದೊಂದು ಜುಗೂಳದ ದಂಡೆಗೆ ಬರಲಿ ಎಂದು ಕಾಗವಾಡ ತಾಲೂಕಿನ ಪ್ರತಿನಿಧಿಗಳನ್ನು ನಾವು ಕೇಳಬೇಕು. ಸ್ವಸಹಾಯ ಸಂಘದಲ್ಲಿ ರೊಟ್ಟಿ ಬಡಿಯಬಲ್ಲವರಿಗೆ ಕೊರತೆ ಇಲ್ಲ, ಹೊಳೆ ದಾಟಿ ಗುಡಿಗೆ ಹೋಗುವವರಿಗೆ ಹಸಿವೆಯೂ ಆಗುತ್ತದೆ. ಹೊಗೆ ಹೋಗಲು ಚಿಮಣಿ, ಕೈ ತೊಳೆಯಲು ನೀರು, ಹೆಣ್ಣುಮಕ್ಕಳಿಗೊಂದು ಶೌಚಾಲಯ, ಕನ್ನಡದಲ್ಲೂ ಮರಾಠಿಯಲ್ಲೂ ಬರೆದ ಒಂದು ಬೋರ್ಡು, ಇಷ್ಟು ಮಾಡಿಕೊಟ್ಟರೆ ಉಳಿದದ್ದನ್ನು ಅವರು ನಡೆಸಿಕೊಳ್ಳುತ್ತಾರೆ.