ಬರಹ ಅಳಿದಿಲ್ಲ, ಲಿಪಿ ಬೇರೆ

ಮದುವೆ, ಗೃಹಪ್ರವೇಶ, ಹಿರಿಯರ ಷಷ್ಟ್ಯಬ್ದಿಗಳ ಚಿತ್ರಗಳು ಇಂದು ಆಲ್ಬಮ್ಮುಗಳಲ್ಲಿ ಉಳಿದಿಲ್ಲ. ಅಂಗೈಯಗಲದ ಹಾರ್ಡ್ ಡಿಸ್ಕಿನಲ್ಲಿ ಸೇರಿಕೊಂಡಿವೆ. ಮನೆಯಲ್ಲಿ ತಂದೆಯದು ವಿಂಡೋಸ್ ಯಂತ್ರ, ಮಗಳದು ಆ್ಯಪಲ್‌ನ ಮ್ಯಾಕ್, ಕಾಲೇಜು ಓದುವ ಮಗನದು ಲಿನಕ್ಸ್. ಮಗಳು ತಂದ ಡಿಸ್ಕನ್ನು ತಂದೆಯ ಯಂತ್ರಕ್ಕೆ ಜೋಡಿಸಿದೊಡನೆ, ಬಳಸುವ ಮುನ್ನ ಇದನ್ನು ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ ಪರದೆಯ ಮೇಲೆ ಮೂಡುವುದುಂಟು. ಓದುಗ ಬಂಧುಗಳು ಅಲ್ಲಿ ಒಪ್ಪಿಗೆಯ ಗುಂಡಿಯನ್ನು ಒತ್ತಕೂಡದೆಂದು ನಾವು ಮೊದಲಿಗೇ ಹೇಳಿಬಿಡುತ್ತೇವೆ. ಒತ್ತಿದರೆ ಹತ್ತಾರು ವರ್ಷಗಳ ಸಂಗ್ರಹ ಕೈತಪ್ಪಬಹುದು.

ಡಿಸ್ಕು ಕೆಟ್ಟಿದೆಯೆಂದು ಇದರರ್ಥವಲ್ಲ. ಬೆಳಗಾವಿ, ವಿಜಯಪುರದ ಕಡೆಯ ಹಳೆಯ ಜಮೀನು ಕಾಗದಗಳಲ್ಲಿ ಮೋಡಿ ಲಿಪಿಯವು ಉಂಟು. ಮೋಡಿ ಬಾರದವನಿಗೆ ಅವು ಬರಿಯ ಗೀಚುಗೆರೆಗಳು. ಅವನು, "ಇದರಲ್ಲೇನೂ ಇಲ್ಲ, ಅಳಿಸಿ ಹೊಸದಾಗಿ ಬರೆದುಕೊಡುವೆ" ಎಂದರೆ ಯಾವ ಮನೆಯವರು ಒಪ್ಪಿಯಾರು? ವಿಂಡೋಸ್ ಕೇಳುವುದೂ ಅದನ್ನೇ. 2017ರಿಂದ ಮ್ಯಾಕ್ ಬಳಸುತ್ತಿರುವ ಎಪಿಎಫ್‌ಎಸ್ ಎಂಬ ಬರವಣಿಗೆಯನ್ನು ವಿಂಡೋಸ್ ತಾನಾಗಿ ಓದಲಾರದು. ಡಿಸ್ಕನ್ನು ಮರಳಿ ಮ್ಯಾಕ್‌ಗೆ ಜೋಡಿಸಿದರೆ ಚಿತ್ರಗಳು ಇದ್ದಲ್ಲಿಯೇ ಕಾಣುವುವು. ಅಲ್ಲಿಯೂ ತೆರೆಯದಿದ್ದರೆ ಮಾತ್ರ ನಿಜವಾದ ದೋಷವನ್ನು ಶಂಕಿಸಿ, ಏನನ್ನೂ ಬರೆಯದೆ ಬಲ್ಲವರಿಗೆ ತೋರಿಸತಕ್ಕದ್ದು.

ಇನ್ನೊಂದು ದೂರು ಇದಕ್ಕಿಂತ ಸೌಮ್ಯವಾದದ್ದು. ವಿಂಡೋಸ್‌ನಲ್ಲಿ ಸಿದ್ಧಪಡಿಸಿದ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ಬೇರೆ ತಂತ್ರಾಂಶದ ನೆರವಿಲ್ಲದೆ ಅದಕ್ಕೆ ಬರೆಯದು. ಚಿತ್ರ ತೆರೆಯುತ್ತದೆ, ಹೊಸದನ್ನು ಸೇರಿಸಲಾಗದು! ಲಿನಕ್ಸ್ ಅದಕ್ಕೆ ಬರೆಯಬಲ್ಲುದಾದರೂ, ಡಿಸ್ಕನ್ನು ವಿಂಡೋಸ್‌ನಿಂದ ಕ್ರಮವಾಗಿ ಬೇರ್ಪಡಿಸದೆ ಎಳೆದಿದ್ದರೆ ಅದೂ ಹಿಂಜರಿಯುತ್ತದೆ. ಆಗ ಮತ್ತೆ ವಿಂಡೋಸ್‌ಗೆ ಜೋಡಿಸಿ, ಸುರಕ್ಷಿತವಾಗಿ ತೆಗೆಯುವ ಆಜ್ಞೆಯನ್ನು ನೀಡಿ ತಂದರೆ ಬಹುಪಾಲು ಸರಿಹೋಗುತ್ತದೆ.

ಮೂವರೂ ಬಲ್ಲ ಹಳೆಯ ಬರವಣಿಗೆ ಫ್ಯಾಟ್32. ಅದರ ಮಿತಿಯೆಂದರೆ ಒಂದು ಕಡತ 4 ಜಿಬಿಯನ್ನು ಮುಟ್ಟುವಂತಿಲ್ಲ. ನೂರಾರು ಜಿಬಿ ಜಾಗ ಖಾಲಿಯಿದ್ದೂ ಮದುವೆಯ ವೀಡಿಯೊ ಏರದೆ ಹೋಗುವುದು ಇದರಿಂದಲೇ. ಅಂಗಡಿಯವನನ್ನು ಬೈದು ಫಲವಿಲ್ಲ. ಆದುದರಿಂದ ಮನೆಮಂದಿಯೆಲ್ಲ ಹಂಚಿಕೊಳ್ಳುವ ಡಿಸ್ಕಿಗೆ ನಾವು ಎಕ್ಸ್‌ಫ್ಯಾಟನ್ನೇ ಸೂಚಿಸುತ್ತೇವೆ. ವಿಂಡೋಸ್ ಮತ್ತು ಮ್ಯಾಕ್ ಎರಡೂ ಅದನ್ನು ಓದಿ ಬರೆಯುತ್ತವೆ. ಮೈಕ್ರೋಸಾಫ್ಟ್ 2019ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದ ಮೇಲೆ ಲಿನಕ್ಸ್‌ನ ಮೂಲದಲ್ಲಿಯೇ ಅದಕ್ಕೆ ಸ್ಥಾನ ದೊರೆತಿದೆ. ತೀರ ಹಳೆಯ ಲಿನಕ್ಸ್‌ಗೆ ಮಾತ್ರ ಹೆಚ್ಚುವರಿ ತಂತ್ರಾಂಶ ಬೇಕಾದೀತು. ಮ್ಯಾಕ್‌ನ ಟೈಮ್ ಮಷೀನ್ ಪ್ರತಿಗಳಿಗೆ ಎಕ್ಸ್‌ಫ್ಯಾಟ್ ಒಗ್ಗದು. ಅದಕ್ಕೆ ಬೇರೆ ಡಿಸ್ಕನ್ನೇ ಇರಿಸಬೇಕು.

ತುಂಬಿದ ಡಿಸ್ಕನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸುವುದೂ ಫಾರ್ಮ್ಯಾಟೇ, ಅದೂ ಇದ್ದುದನ್ನು ಅಳಿಸುತ್ತದೆ. ಮೊದಲು ಎಲ್ಲವನ್ನೂ ಇನ್ನೊಂದೆಡೆ ಪ್ರತಿ ಮಾಡಿ, ನಾಲ್ಕಾರು ಚಿತ್ರಗಳನ್ನೂ ಒಂದು ವೀಡಿಯೊವನ್ನೂ ತೆರೆದು ನೋಡಿ, ಆಮೇಲೆ ಕೈಯಿಕ್ಕಬೇಕು. ಎಕ್ಸ್‌ಫ್ಯಾಟ್‌ಗೆ ಎನ್‌ಟಿಎಫ್‌ಎಸ್‌ನಂತೆ ತನ್ನ ಬದಲಾವಣೆಗಳ ದಿನಚರಿ ಬರೆದಿಟ್ಟುಕೊಳ್ಳುವ ಏರ್ಪಾಡಿಲ್ಲ. ಬರೆಯುತ್ತಿರುವಾಗ ತಂತಿಯನ್ನು ಎಳೆದರೆ ಕಡತಗಳು ಕೆಡುವ ಭಯ ಹೆಚ್ಚು. ಯಾವ ಯಂತ್ರವಾದರೂ ಸರಿ, ಬೇರ್ಪಡಿಸುವ ಆಜ್ಞೆ ನೀಡಿ, ಡಿಸ್ಕಿನ ಹೆಸರು ಪರದೆಯಿಂದ ಮರೆಯಾದ ಮೇಲೆಯೇ ತಂತಿಯನ್ನು ಕೀಳುವುದು.