ಎರಡು ತಾಸಿನ ಸಭೆಗೆ ಇಡೀ ದಿನದ ಬಾಡಿಗೆ ಯಾಕೆ?

ಶನಿವಾರ ಬಂತೆಂದರೆ ಅಂಬೇವಾಡಿ, ದಾಂಡೇಲಿ ಕಡೆ ಹುಬ್ಬಳ್ಳಿ, ಬೆಂಗಳೂರಿನ ಕಂಪನಿಯವರು ಬಸ್ ಮಾಡಿಕೊಂಡು ಬರುತ್ತಾರೆ. ಬೆಳಿಗ್ಗೆ ಕಾಳಿ ನದಿಯಲ್ಲಿ ರಾಫ್ಟಿಂಗ್, ಮಧ್ಯಾಹ್ನ ರೆಸಾರ್ಟಿನ ಹಾಲ್‌ನಲ್ಲಿ ಮೀಟಿಂಗ್. ಮೈಕು, ಪ್ರೊಜೆಕ್ಟರ್, ಊಟ, ಚಹಾ ಸೇರಿ ತಲೆಗೆ ಇಷ್ಟು ಎಂದು ಮೊದಲೇ ಮಾತಾಗಿರುತ್ತದೆ. ನಮಗೇನೂ ತಕರಾರಿಲ್ಲ. ನಮ್ಮ ಹುಡುಗರಿಗೂ ಅಲ್ಲಿ ಕೆಲಸ ಸಿಕ್ಕಿದೆ.

ಆದರೆ ಊರಿನ ಸ್ತ್ರೀಶಕ್ತಿ ಸಂಘದವರು ಎಲ್ಲಿ ಕೂರಬೇಕು? ಸೀಮಂತ, ನಿಶ್ಚಿತಾರ್ಥ ಎಲ್ಲಿ ಮಾಡಬೇಕು? ಬೇಸಿಗೆಯಲ್ಲಾದರೆ ಅಂಗಳದಲ್ಲಿ ಶಾಮಿಯಾನ ಹಾಕಬಹುದು. ಜೂನ್ ದಾಟಿದ ಮೇಲೆ ನಮ್ಮ ಕಡೆಯ ಮಳೆಗೆ ಶಾಮಿಯಾನ ಯಾವ ಲೆಕ್ಕ?

ಹೋದ ಮಳೆಗಾಲದಲ್ಲಿ ಸಂಘದ ಸಭೆಗೆಂದು ನಾವೇ ಒಂದು ಭವನ ಕೇಳಲು ಹೋದೆವು. ಹೆಸರು ಬೇಡ. ಬೇಕಿದ್ದದ್ದು ಎರಡು ತಾಸು. ಮದುವೆಯ ಲೆಕ್ಕವೇ, ಇಡೀ ದಿನದ್ದೇ ಎಂದರು. ಒಪ್ಪಿಕೊಂಡೆವು. ಸಭೆ ಮುಗಿದ ಮೇಲೆ ಕುರ್ಚಿಗೆ ಬೇರೆ, ಕರೆಂಟಿಗೆ ಬೇರೆ, ಕಸ ಗುಡಿಸಲು ಬೇರೆ. ಜನರೇಟರ್ ಶುರುವೇ ಮಾಡಿರಲಿಲ್ಲ, ಡೀಸೆಲ್ ದುಡ್ಡೂ ಬಿಲ್ಲಿನಲ್ಲಿತ್ತು. ಬಿಲ್ಲು ಅಂದರೆ ನೋಟ್‌ಬುಕ್ಕಿನಿಂದ ಹರಿದ ಹಾಳೆ!

ಖಾಸಗಿಯವರ ಹಾಲ್ ಅವರಿಷ್ಟ. ಸರ್ಕಾರದ ಅನುದಾನದಲ್ಲಿ ಕಟ್ಟಿದ ಸಮುದಾಯ ಭವನದ ಮಾತು ಹಾಗಲ್ಲ. ಮದುವೆಗೆ ಒಂದು ದರ, ಕಂಪನಿ ಕಾರ್ಯಕ್ರಮಕ್ಕೆ ಇನ್ನೊಂದು ದರ, ಊರಿನ ಸಂಘಗಳಿಗೆ ತಾಸಿನ ಲೆಕ್ಕದಲ್ಲಿ ಸಣ್ಣ ದರ ಇರಬೇಕು ಎನ್ನುವುದು ನಮ್ಮ ವಾದ. ಸುಣ್ಣಬಣ್ಣ, ರಿಪೇರಿಗೆ ದುಡ್ಡು ಬೇಕು, ಒಪ್ಪೋಣ. ಹಾಗೆಂದು ಬೀಗ ಹಾಕಿಟ್ಟರೆ ದುಡ್ಡು ಬರುತ್ತದೆಯೇ? ಆಷಾಢದಲ್ಲಿ ಮದುವೆಗಳೇ ಇಲ್ಲ. ಇಲಿ ಓಡಾಡುವ ಜಾಗದಲ್ಲಿ ಸಂಘದವರು ಕೂತರೆ ನಷ್ಟ ಯಾರಿಗೆ?

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಪಂಚಾಯ್ತಿಯ ಭವನವಾದರೆ ಅಲ್ಲೇ ಎದ್ದು ಕೇಳಿ: ದರಪಟ್ಟಿ ಬಾಗಿಲಲ್ಲಿ ಬರೆಸಿ, ಕೊಟ್ಟ ಹಣಕ್ಕೆ ರಸೀದಿ ಕೊಡಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಖಾಸಗಿ ಹಾಲ್ ಆದರೆ ಅಡ್ವಾನ್ಸ್ ಕೊಡುವ ಮುಂಚೆಯೇ ಕುರ್ಚಿ, ಕರೆಂಟು, ನೀರು, ಪಾತ್ರೆ ಯಾವುದು ಬಾಡಿಗೆಯಲ್ಲಿ ಸೇರಿದೆ, ಕಾರ್ಯಕ್ರಮ ರದ್ದಾದರೆ ಎಷ್ಟು ವಾಪಸ್ ಎಂದು ಬರೆಸಿಕೊಳ್ಳಿ. ಜಿಎಸ್‌ಟಿ ಎಂದು ಸೇರಿಸಿದರೆ ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರ್ ಇದೆಯೇ ನೋಡಿ.

ಈ ಸಲದ ಸಭೆ ಶಾಲೆಯ ಜಗುಲಿಯಲ್ಲಿ ನಡೆಯಿತು. ಎರಚಲು ಹೊಡೆದು ಸಂಘದ ಲೆಕ್ಕದ ಪುಸ್ತಕ ಒದ್ದೆಯಾಯಿತು.