ಕಾಯಿಲಿನ ಲೆಕ್ಕ, ಪಂಪಿನ ಲೆಕ್ಕ

ಹುನಗುಂದ ಸೀಮೆಯ ಮರೋಳವು ಇಂದು ಏತ ನೀರಾವರಿಯಿಂದ ಹೆಸರಾಗಿದೆ; ಕೃಷ್ಣೆಯ ನೀರನ್ನು ಅಲ್ಲಿ ವಿದ್ಯುತ್ತೇ ಮೇಲಕ್ಕೆತ್ತುವದು. ಆ ಕಡೆಯ ಗೃಹಸ್ಥರೊಬ್ಬರು ನಮ್ಮನ್ನು ಕೇಳಿದರು: “ಒಂದು ತಾಸಿಗೆ ಕಾಯುತ್ತಿದ್ದ ಬಕೀಟು ನೀರಿಗೆ ಈಗ ಸಂಜೆ ಒಂದೂವರೆ ತಾಸು ಹಿಡಿಯುವದು. ಕಾಯಿಲು ಕೆಟ್ಟಿತೇನು?” ಕೆಟ್ಟಿಲ್ಲವೆಂದೇ ನಮ್ಮ ಎಣಿಕೆ.

ಜರ್ಮನಿಯ ಉಪಾಧ್ಯಾಯನಾದ ಓಮನು 1827ರಲ್ಲಿ ಪ್ರಕಟಿಸಿದ ನಿಯಮದಂತೆ, ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿಯ ರೋಧವು ದೊರೆಯುವದು. ಅವೆರಡನ್ನು ಗುಣಿಸಿದರೆ ಬರುವದು ವಾಟು. 230 ವೋಲ್ಟಿನಲ್ಲಿ ಕಾಯಿಲು 5 ಆಂಪಿಯರನ್ನು ಸೆಳೆದರೆ ರೋಧವು 46 ಓಮ್, ಶಕ್ತಿಯು 1150 ವಾಟು. ಸಂಜೆ ವೋಲ್ಟು 184ಕ್ಕೆ ಇಳಿಯಿತೆನ್ನಿರಿ. ರೋಧವು ಹೆಚ್ಚುಕಡಿಮೆ ಅದೇ. ಆದುದರಿಂದ ಪ್ರವಾಹವು 4 ಆಂಪಿಯರು, ಶಕ್ತಿಯು 736 ವಾಟು ಮಾತ್ರ. ವೋಲ್ಟು ಐದರಲ್ಲೊಂದು ಪಾಲು ಇಳಿದರೆ ಶಕ್ತಿಯು ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಕುಗ್ಗಿತು! ತಾಸಿನ ಕೆಲಸಕ್ಕೆ ಒಂದೂವರೆ ತಾಸು ಮೀರುವದು. ನೀರು ನಡುವೆ ಆರುವಷ್ಟು ನಷ್ಟವನ್ನು ಬಿಟ್ಟರೆ ಬಿಲ್ಲು ಹೆಚ್ಚದು. ಹೋಗುವದು ಹೊತ್ತು, ಮತ್ತು ಮನೆಯವರ ತಾಳ್ಮೆ.

ಆದರೆ ಈ ಲೆಕ್ಕವನ್ನು ಹೊಲದ ಪಂಪಿಗೆ ಹಚ್ಚಲಾಗದು. ಮೋಟರು ತಿರುಗುವ ಯಂತ್ರ. ವೋಲ್ಟು ಇಳಿದರೂ ನೀರಿನ ಭಾರ ಇಳಿಯದಾದ್ದರಿಂದ ಅದು ಪ್ರವಾಹವನ್ನು ಹೆಚ್ಚಾಗಿಯೇ ಸೆಳೆಯುವದು. ಸುರುಳಿಯ ಕಾವು ಪ್ರವಾಹದ ವರ್ಗದಂತೆ ಏರುವದು: 5 ಆಂಪಿಯರು 6 ಆದರೆ ಕಾವು ಸುಮಾರು ಒಂದೂವರೆ ಪಟ್ಟು. ಹೀಗೆಯೇ ಅಲ್ಲವೆ ಬೆಳೆ ಬಾಡುವ ಕಾಲಕ್ಕೆ ಮೋಟರು ಸುಟ್ಟು, ರಿವೈಂಡಿಂಗಿಗೆ ಸಾಲ ಮಾಡಬೇಕಾಗುವದು? ಸ್ಟಾರ್ಟರಿನ ರಿಲೇ ಪದೇ ಪದೇ ಬೀಳುವದೆಂದು ಅದನ್ನು ತಂತಿಯಿಂದ ಬಿಗಿದು ಕಟ್ಟುವವರನ್ನು ನಾವು ಕಂಡಿದ್ದೇವೆ. ಅದನ್ನು ಈ ಹೊತ್ತೇ ಬಿಚ್ಚತಕ್ಕದ್ದು.